ತರಗತಿಯಲ್ಲಿ ಕೈ ಎತ್ತುವವರು ಯಾರು: ಸಮಾಜಶಾಸ್ತ್ರದ ಮೊದಲ ಅಧ್ಯಯನ ಮಾಡುವ ಬಗೆ

ಸಮಾಜಶಾಸ್ತ್ರವನ್ನು ಹೊಸದಾಗಿ ಓದಲು ಕೂತವರ ಕೈಗೆ ಮೊದಲು ಸಿಗುವುದು ವ್ಯಾಖ್ಯೆಗಳ ಪಟ್ಟಿ. ಅಂತಸ್ತು ಎಂದರೇನು, ಪಾತ್ರ ಎಂದರೇನು, ಸಾಮಾಜೀಕರಣದ ಲಕ್ಷಣಗಳಾವುವು. ಬಾಯಿಪಾಠ ಮಾಡಿದರೆ ಪರೀಕ್ಷೆಯೇನೋ ದಾಟಬಹುದು, ಆದರೆ ನಾಲ್ಕು ಜನ ಸೇರಿದ ಕಡೆ ಕೂತು ನೋಡುವಾಗ ಆ ಪದಗಳಲ್ಲಿ ಒಂದೂ ನೆರವಿಗೆ ಬರುವುದಿಲ್ಲ. ಪರಿಕಲ್ಪನೆಗಳು ಕೆಲಸಕ್ಕೆ ಬರುವುದು ಒಂದು ಪ್ರಶ್ನೆಯ ಬೆನ್ನು ಹತ್ತಿದಾಗ. ಅದಕ್ಕೇ ಇಲ್ಲಿ ಒಂದೇ ಒಂದು ಪ್ರಶ್ನೆ ಹಿಡಿದು ಕೊನೆಯವರೆಗೆ ಹೋಗೋಣ: ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳುವವರು ಯಾರು, ಸುಮ್ಮನೆ ಕೂರುವವರು ಯಾರು, ಯಾಕೆ? ಸುಮಾರು 300 ವಿದ್ಯಾರ್ಥಿಗಳಿರುವ ಯಾವುದೇ ಕಾಲೇಜಿನಲ್ಲಿ ಇಬ್ಬರು ಸೇರಿ ಆರೇಳು ವಾರಗಳಲ್ಲಿ ಮುಗಿಸಬಹುದಾದ ಕೆಲಸ ಇದು.

ಸ್ವಭಾವ ಎಂದು ಬಿಟ್ಟುಬಿಡಬೇಡಿ

"ಅವಳು ಸಂಕೋಚದ ಹುಡುಗಿ, ಅದಕ್ಕೇ ಕೇಳುವುದಿಲ್ಲ." ಈ ವಿವರಣೆ ಒಬ್ಬಳ ಮಟ್ಟಿಗೆ ಸರಿ ಇರಬಹುದು. ಆದರೆ ಕೊನೆಯ ಮೂರು ಸಾಲಿನಲ್ಲಿ ಕೂತವರೆಲ್ಲ ವರ್ಷಗಟ್ಟಲೆ ಮಾತೇ ಆಡದಿದ್ದರೆ, ಮೂವತ್ತು ಜನಕ್ಕೂ ಒಂದೇ ಸ್ವಭಾವ ಎಲ್ಲಿಂದ ಬಂತು? ಸಮಾಜಶಾಸ್ತ್ರ ಶುರುವಾಗುವುದು ಈ ಎರಡನೆಯ ಪ್ರಶ್ನೆಯಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಇದಕ್ಕೆ ನಿರುದ್ಯೋಗದ ಉದಾಹರಣೆ ಕೊಟ್ಟಿದ್ದರು. ಒಂದು ಲಕ್ಷ ಜನರಿರುವ ನಗರದಲ್ಲಿ ಒಬ್ಬನಿಗೆ ಮಾತ್ರ ಕೆಲಸವಿಲ್ಲದಿದ್ದರೆ ಅವನ ಗುಣ, ಕೌಶಲ, ಅವಕಾಶಗಳನ್ನು ನೋಡಬಹುದು. ಐದು ಕೋಟಿ ದುಡಿಯುವವರಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸವಿಲ್ಲದಿದ್ದರೆ ಒಬ್ಬೊಬ್ಬರ ಗುಣ ಹುಡುಕಿ ಫಲವಿಲ್ಲ, ಕೆಡುಕು ವ್ಯವಸ್ಥೆಯಲ್ಲೇ ಇದೆ.

ಫ್ರಾನ್ಸಿನ ಎಮಿಲ್ ಡರ್ಖೈಮ್ ಇದಕ್ಕೂ ಅರವತ್ತು ವರ್ಷ ಮೊದಲೇ, 1897ರಲ್ಲಿ, ಆತ್ಮಹತ್ಯೆಯಂಥ ತೀರ ಖಾಸಗಿ ಕೃತ್ಯವನ್ನೇ ಎತ್ತಿಕೊಂಡಿದ್ದರು. ಪ್ರತಿ ದೇಶದ ಆತ್ಮಹತ್ಯೆ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಆದರೆ ದೇಶ ದೇಶಕ್ಕೆ, ಧರ್ಮ ಧರ್ಮಕ್ಕೆ ಬೇರೆಯಾಗುತ್ತದೆ ಎಂದು ಅಂಕಿಅಂಶಗಳಿಂದ ತೋರಿಸಿದರು. ಪ್ರೊಟೆಸ್ಟೆಂಟರಲ್ಲಿ ಕ್ಯಾಥೊಲಿಕರಿಗಿಂತ ಹೆಚ್ಚು ಎಂಬುದನ್ನು ಗುಂಪಿನ ಬೆಸುಗೆ ಸಡಿಲವಾಗಿರುವುದರಿಂದ ವಿವರಿಸಿದರು. ಕ್ಯಾಥೊಲಿಕ್ ಪ್ರದೇಶಗಳಲ್ಲಿ ಇಂಥ ಸಾವುಗಳನ್ನು ಬೇರೆ ಕಾರಣದಡಿ ದಾಖಲಿಸುತ್ತಿದ್ದಿರಬಹುದು ಎಂಬ ಆಕ್ಷೇಪ ಆಮೇಲೆ ಬಂತು. ಹೊಸಬರು ಅಧ್ಯಯನವನ್ನೂ ಆಕ್ಷೇಪವನ್ನೂ ಒಟ್ಟಿಗೇ ಕಲಿಯಬೇಕು. ಸರ್ಕಾರಿ ಅಂಕಿಅಂಶ ಎಂದರೆ ಯಾರೋ ಒಬ್ಬರು ಕೂತು, ಒಂದು ಕಾಲಂ ಆರಿಸಿ, ಬರೆದದ್ದು.

ಪರಿಕಲ್ಪನೆಗಳನ್ನು ತರಗತಿಯೊಳಗೆ ತನ್ನಿ

ವಿದ್ಯಾರ್ಥಿ ಎಂಬುದು ಒಂದು ಅಂತಸ್ತು, ಅಂದರೆ ಸಮಾಜದಲ್ಲಿ ಒಬ್ಬರು ನಿಂತಿರುವ ಜಾಗ. ಕೆಲವು ಅಂತಸ್ತುಗಳು ಹುಟ್ಟಿನಿಂದಲೇ ಅಂಟಿಕೊಂಡು ಬರುತ್ತವೆ, ಕೆಲವನ್ನು ನಾವೇ ಗಳಿಸುತ್ತೇವೆ. ಮೊದಲನೆಯದು ಆರೋಪಿತ, ಎರಡನೆಯದು ಸಾಧಿತ. ಆ ಜಾಗದಲ್ಲಿರುವವರು ಹೀಗೆ ನಡೆದುಕೊಳ್ಳಬೇಕು ಎಂಬ ನಿರೀಕ್ಷೆಗಳ ಕಟ್ಟೇ ಪಾತ್ರ. ಒಬ್ಬರು ಒಂದೇ ಹೊತ್ತಿಗೆ ಹಲವು ಅಂತಸ್ತುಗಳಲ್ಲಿ ಇರುವುದರಿಂದ ಪಾತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕಾಲೇಜಿನ ವಿದ್ಯಾರ್ಥಿ ಪ್ರಶ್ನೆ ಕೇಳಬೇಕು, ಕಿರಿಯರು ಹಿರಿಯರಿಗೆ ಎದುರಾಡಬಾರದು. ಎರಡೂ ನಿರೀಕ್ಷೆಗಳು ಒಬ್ಬ ಹುಡುಗನ ಮೇಲೇ ಬಿದ್ದರೆ ಅದು ಪಾತ್ರ ಸಂಘರ್ಷ.

ಬರೆದಿಡದೆಯೂ ಎಲ್ಲರೂ ಪಾಲಿಸುವ ಕಟ್ಟಳೆಗಳು ರೂಢಿಗಳು. ಅವು ಕಣ್ಣಿಗೆ ಬೀಳುವುದು ಮುರಿದಾಗಲೇ. ಗಂಟೆ ಹೊಡೆಯಲು ಎರಡು ನಿಮಿಷವಿರುವಾಗ ಒಬ್ಬ ಪ್ರಶ್ನೆ ಕೇಳಲಿ, ಹಿಂದಿನಿಂದ ಬರುವ ನಿಟ್ಟುಸಿರು, ತಿರುಗಿ ನೋಡುವ ಕಣ್ಣು, ಎಲ್ಲವೂ ಒಂದು ರೂಢಿ ಮುರಿಯಿತೆಂದು ಹೇಳುತ್ತವೆ. ಆ ನಿಟ್ಟುಸಿರೇ ಶಿಕ್ಷೆ. ಮೆಚ್ಚುಗೆಯ ತಲೆಯಾಡಿಸುವಿಕೆ ಬಹುಮಾನ. ಸಮಾಜ ತನ್ನ ರೂಢಿಗಳನ್ನು ಉಳಿಸಿಕೊಳ್ಳುವುದು ಬಹುಪಾಲು ಇಂಥ ಸಣ್ಣ ಶಿಕ್ಷೆ, ಸಣ್ಣ ಬಹುಮಾನಗಳಿಂದಲೇ. ಪೊಲೀಸು, ಕೋರ್ಟು ಬರುವುದು ಅಪರೂಪಕ್ಕೆ. ಯಾವಾಗ ಮಾತನಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಮನೆ, ಶಾಲೆ, ಗೆಳೆಯರ ಗುಂಪಿನಲ್ಲಿ ಕಲಿಯುತ್ತ ಬರುವುದು ಸಾಮಾಜೀಕರಣ. ಶಿಕ್ಷಣ, ಕುಟುಂಬ, ಧರ್ಮ ಇವು ಸಂಸ್ಥೆಗಳು. ಇಲ್ಲಿ ಸಂಸ್ಥೆ ಎಂದರೆ ಕಟ್ಟಡವೂ ಅಲ್ಲ, ಆಡಳಿತ ಮಂಡಳಿಯೂ ಅಲ್ಲ. ಒಂದು ಮುಖ್ಯ ಅಗತ್ಯದ ಸುತ್ತ ಬೆಳೆದು ಗಟ್ಟಿಯಾದ ನಡವಳಿಕೆಗಳ ವ್ಯವಸ್ಥೆ. ಹಣ, ಗೌರವ, ಅಧಿಕಾರ ಎಲ್ಲರಿಗೂ ಸಮವಾಗಿ ಸಿಗದೆ ಪದರ ಪದರವಾಗಿ ಹಂಚಿಹೋಗಿರುವುದು ಸ್ತರೀಕರಣ.

ಇವು ನಾಲಿಗೆಗೆ ಹತ್ತಲು ಒಂದು ಅಭ್ಯಾಸ ಸಾಕು. ಯಾವುದಾದರೂ ಸಾರ್ವಜನಿಕ ಜಾಗದಲ್ಲಿ ಮೂವತ್ತು ನಿಮಿಷ ಕೂತು ನೋಡಿ. ಪುಟವನ್ನು ಉದ್ದಕ್ಕೆ ಎರಡು ಮಾಡಿ. ಎಡಕ್ಕೆ ಕಂಡದ್ದು, ಕೇಳಿದ್ದು ಮಾತ್ರ. ಬಲಕ್ಕೆ ಅದರಿಂದ ನಿಮಗೆ ಹೊಳೆದದ್ದು. "ಹುಡುಗ ಬೇಸರದಿಂದಿದ್ದ" ಎಂಬುದು ಬಲಕ್ಕೆ ಹೋಗಬೇಕು. "ಹತ್ತು ನಿಮಿಷದಲ್ಲಿ ನಾಲ್ಕು ಸಲ ಗಡಿಯಾರ ನೋಡಿದ" ಎಂಬುದು ಎಡಕ್ಕೆ. ಮೊದಲ ಸಲ ಬರೆದವರ ಎಡಭಾಗದ ಅರ್ಧದಷ್ಟು ಸಾಲುಗಳು ತಪ್ಪು ಕಡೆ ಇರುತ್ತವೆ. ಅದನ್ನು ತಿದ್ದಿಕೊಳ್ಳುವುದೇ ಅಭ್ಯಾಸ.

ಮೂರು ದೃಷ್ಟಿಕೋನಗಳು, ಮೂರು ಬಗೆಯ ಪ್ರಶ್ನೆಗಳು

ಪಠ್ಯಪುಸ್ತಕಗಳಲ್ಲಿ ಕಾರ್ಯವಾದ, ಸಂಘರ್ಷವಾದ, ಸಾಂಕೇತಿಕ ಅಂತಃಕ್ರಿಯಾವಾದ ಎಂಬ ಮೂರು ಪಂಗಡಗಳು ಕುಸ್ತಿಗೆ ನಿಂತಂತೆ ಕಾಣುತ್ತವೆ. ಹೊಸಬರು ಯಾರ ಕಡೆಗೂ ಸೇರಬೇಕಾಗಿಲ್ಲ, ಮೂರರಿಂದಲೂ ಪ್ರಶ್ನೆ ಎರವಲು ಪಡೆದರಾಯಿತು. ತರಗತಿಯ ಪ್ರಶ್ನೋತ್ತರ ವ್ಯವಸ್ಥೆಯ ಯಾವ ಕೆಲಸ ಮಾಡಿಕೊಡುತ್ತದೆ ಎಂಬುದು ಮೊದಲನೆಯದು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹೇಳಿದ ಪ್ರಕಟ ಕಾರ್ಯ (ಉದ್ದೇಶಿಸಿ ಮಾಡುವ ಕೆಲಸ), ಸುಪ್ತ ಕಾರ್ಯ (ಉದ್ದೇಶಿಸದೆ ಒಳಗೊಳಗೇ ಆಗುವ ಕೆಲಸ) ಎಂಬ ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಂಶಯ ಪರಿಹಾರ ಪ್ರಕಟ, ಯಾರು ಜಾಣರೆಂದು ಎಲ್ಲರೆದುರು ತೋರಿಸಿಕೊಡುವುದು ಸುಪ್ತ. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಎರಡನೆಯದು. ಕೈ ಎತ್ತುವುದಕ್ಕೆ ಅಲ್ಲಿರುವವರು ಏನು ಅರ್ಥ ಕಟ್ಟಿಕೊಂಡಿದ್ದಾರೆ ಎಂಬುದು ಮೂರನೆಯದು. ಜನ ಒಂದು ಸನ್ನಿವೇಶವನ್ನು ನಿಜವೆಂದು ತಿಳಿದರೆ ಅದರ ಪರಿಣಾಮಗಳೂ ನಿಜವಾಗುತ್ತವೆ ಎಂಬ 1928ರ ಥಾಮಸ್ ಸೂತ್ರವನ್ನು ಇಲ್ಲಿ ನೆನೆಯಬಹುದು. ಎಲ್ಲರಿಗೂ ಅರ್ಥವಾಗಿದೆ, ನನಗೊಬ್ಬನಿಗೇ ಆಗಿಲ್ಲ ಎಂದು ನಲವತ್ತು ಜನ ಒಟ್ಟಿಗೆ ನಂಬಿದರೆ ನಲವತ್ತು ಜನವೂ ಸುಮ್ಮನಿರುತ್ತಾರೆ. ಆ ಮೌನ ನೋಡಿ ಪ್ರತಿಯೊಬ್ಬರ ನಂಬಿಕೆಯೂ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಶ್ನೆಯನ್ನು ಚಿಕ್ಕದು ಮಾಡುವುದು

ಹೊಸಬರ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಇಲ್ಲಿ, ಒಂದೂ ಪ್ರಶ್ನಾವಳಿ ಹಂಚುವ ಮುಂಚೆ. "ಶಿಕ್ಷಣದಲ್ಲಿ ಅಸಮಾನತೆ" ಎಂಬುದು ಪ್ರಶ್ನೆಯಲ್ಲ, ಗ್ರಂಥಾಲಯದ ಒಂದು ಕಪಾಟು. ಯಾರು, ಎಲ್ಲಿ, ಯಾವ ಅವಧಿ, ಏನನ್ನು ಯಾವುದರೊಂದಿಗೆ ಹೋಲಿಸುತ್ತೀರಿ ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು. ನಮ್ಮದನ್ನು ಹೀಗೆ ಬರೆಯಬಹುದು: ಈ ಕಾಲೇಜಿನಲ್ಲಿ, ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳು ಕಳೆದ ಎರಡು ವಾರಗಳಲ್ಲಿ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ಉಳಿದವರಿಗಿಂತ ಕಡಿಮೆಯೇ?

ಈಗ ಪ್ರತಿ ಪದವನ್ನೂ ಅಳೆಯುವ ಹಾಗೆ ಮಾಡಬೇಕು. ಮೊದಲ ತಲೆಮಾರಿನ ವಿದ್ಯಾರ್ಥಿ ಯಾರು? ತಂದೆ ತಾಯಿ ಇಬ್ಬರೂ ಕಾಲೇಜಿಗೆ ಹೋಗಿರದವರು ಎಂದು ಒಂದು ಕಡೆ ನಿಲ್ಲಿ. ಅಕ್ಕ ಓದಿದ್ದರೆ? ತಂದೆ ಸೇರಿ ಅರ್ಧಕ್ಕೆ ಬಿಟ್ಟಿದ್ದರೆ? ಉತ್ತರ ಯಾವುದಾದರೂ ಇರಲಿ, ಮೊದಲೇ ಬರೆದಿಟ್ಟುಕೊಳ್ಳಿ. ದತ್ತಾಂಶ ಬಂದ ಮೇಲೆ ತೀರ್ಮಾನಿಸಿದರೆ ನಿಮಗೆ ಬೇಕಾದ ಫಲಿತಾಂಶದ ಕಡೆಗೇ ಕೈ ಜಾರುತ್ತದೆ. ಪ್ರಶ್ನೆ ಕೇಳುವುದು ಎಂದರೆ? "ಇನ್ನೊಮ್ಮೆ ಹೇಳಿ ಸರ್" ಎಂಬುದು ಲೆಕ್ಕಕ್ಕೆ ಬರುತ್ತದೆಯೇ? ಹೀಗೆ ಅಮೂರ್ತ ಪರಿಕಲ್ಪನೆಯನ್ನು ಎಣಿಸಬಲ್ಲ ಸೂಚಕವಾಗಿ ಇಳಿಸುವುದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ. ಸೂಚಕವು ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದರೆ ಸಿಂಧುತ್ವ ಇದೆ. ಬೇರೆಯವರು ಬೇರೆ ದಿನ ಅಳೆದರೂ ಅದೇ ಉತ್ತರ ಬಂದರೆ ವಿಶ್ವಾಸಾರ್ಹತೆ ಇದೆ. ಒಂದಿದ್ದು ಇನ್ನೊಂದು ಇಲ್ಲದಿರಬಹುದು: ತರಗತಿಯಲ್ಲಿ ಆಡಿದ ಎಲ್ಲ ಮಾತನ್ನೂ ಎಣಿಸುವವರು ಪ್ರತಿ ಸಲ ಒಂದೇ ಸಂಖ್ಯೆ ತರಬಲ್ಲರು, ಆದರೆ ಅದು ಪ್ರಶ್ನೆ ಕೇಳುವುದರ ಅಳತೆ ಆಗುವುದಿಲ್ಲ.

ವಿಶ್ಲೇಷಣೆಯ ಘಟಕ ಯಾವುದೆಂದೂ ಈಗಲೇ ಗೊತ್ತಿರಲಿ. ವ್ಯಕ್ತಿಯೋ, ತರಗತಿಯೋ, ಕಾಲೇಜೋ? 1950ರಲ್ಲಿ ಡಬ್ಲ್ಯು. ಎಸ್. ರಾಬಿನ್‌ಸನ್ ಅಮೆರಿಕದ ಜನಗಣತಿ ಹಿಡಿದು ಒಂದು ವಿಚಿತ್ರ ತೋರಿಸಿದರು. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಸಾಕ್ಷರತೆಯೂ ಹೆಚ್ಚಿತ್ತು. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ಹೊರದೇಶದಲ್ಲಿ ಹುಟ್ಟಿದವರ ಸಾಕ್ಷರತೆ ಉಳಿದವರಿಗಿಂತ ಕಡಿಮೆ! ವಲಸೆ ಬಂದವರು ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. ಹಾಗೆಯೇ, ಮೊದಲ ತಲೆಮಾರಿನವರು ಹೆಚ್ಚಿರುವ ತರಗತಿಗಳಲ್ಲಿ ಪ್ರಶ್ನೆ ಕಡಿಮೆ ಎಂದು ಕಂಡರೆ, ಸುಮ್ಮನಿರುವವರು ಅವರೇ ಎಂದು ಹೇಳಲು ಬರುವುದಿಲ್ಲ.

ಯಾವ ವಿಧಾನ ಯಾವುದಕ್ಕೆ

ಜನ ಏನು ಹೇಳುತ್ತಾರೆ ಎಂಬುದಕ್ಕೂ ಏನು ಮಾಡುತ್ತಾರೆ ಎಂಬುದಕ್ಕೂ ನಡುವೆ ದೊಡ್ಡ ಕಂದಕ ಇರಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1934ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಈಗಲೂ ಒಳ್ಳೆಯ ಪಾಠ. ಚೀನೀಯರ ಬಗ್ಗೆ ಪೂರ್ವಗ್ರಹ ದಟ್ಟವಾಗಿದ್ದ ಕಾಲದಲ್ಲಿ ಅವರು ಚೀನೀ ದಂಪತಿಯೊಂದಿಗೆ ಅಮೆರಿಕ ಸುತ್ತಿದರು. 251 ಹೋಟೆಲು, ವಸತಿಗೃಹ, ಊಟದ ಜಾಗಗಳಿಗೆ ಹೋದರು. ಒಳಗೆ ಬಿಡದೆ ಕಳಿಸಿದ್ದು ಒಂದೇ ಕಡೆ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುತ್ತೀರಾ ಎಂದು ಕೇಳಿದರು. ಉತ್ತರ ಬರೆದ 128 ಕಡೆಯವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ನಡವಳಿಕೆ ತಿಳಿಯಬೇಕೆಂದು ಅಭಿಪ್ರಾಯ ಕೇಳಿದರೆ ಇಂಥ ಎಡವಟ್ಟು ಆಗುತ್ತದೆ.

ನಮ್ಮ ಪ್ರಶ್ನೆಗೆ ಮೂರು ವಿಧಾನಗಳು ಬೇಕು. ಪ್ರಶ್ನೆ ಎಷ್ಟು ಬರುತ್ತವೆ, ತರಗತಿಯ ಯಾವ ಭಾಗದಿಂದ ಬರುತ್ತವೆ ಎಂಬುದಕ್ಕೆ ಅವಲೋಕನ. ಯಾರ ತಂದೆ ತಾಯಿ ಎಷ್ಟು ಓದಿದ್ದಾರೆ ಎಂಬುದು ಕೂತು ನೋಡಿದರೆ ಕಾಣುವುದಿಲ್ಲ, ಅದಕ್ಕೆ ಸಮೀಕ್ಷೆ. ಸುಮ್ಮನಿರುವುದರ ಅರ್ಥ ಅವರಿಗೇನು ಎಂಬುದಕ್ಕೆ ಸಂದರ್ಶನ. ಮೂರನ್ನೂ ಮಾಡಲು ಸಮಯವಿಲ್ಲದಿದ್ದರೆ ಪ್ರಶ್ನೆಯನ್ನು ಒಂದು ವಿಧಾನಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಿ. ಮೂರನ್ನೂ ಅರೆಬರೆ ಮಾಡುವುದಕ್ಕಿಂತ ಅದು ಮೇಲು.

ಅವಲೋಕನ

ಹತ್ತು ತರಗತಿಗಳನ್ನು ಆರಿಸಿ, ಬೇರೆ ಬೇರೆ ವಿಷಯ, ಬೇರೆ ಬೇರೆ ಹೊತ್ತು. ಹಾಳೆಯ ಮೇಲೆ ಆಸನಗಳ ನಕ್ಷೆ ಇರಲಿ. ಪ್ರತಿ ಮಾತಿಗೆ ನಾಲ್ಕೇ ವಿಷಯ ಗುರುತಿಸಿ: ಸಮಯ, ಸಾಲು, ಮಾತಿನ ಬಗೆ (ತಾನಾಗಿ ಕೇಳಿದ ಪ್ರಶ್ನೆ, ಕರೆದಾಗ ಕೊಟ್ಟ ಉತ್ತರ, ಪಾಠದ ಹೊರಗಿನ ಮಾತು), ಅಧ್ಯಾಪಕರ ಪ್ರತಿಕ್ರಿಯೆ. ಇದಕ್ಕಿಂತ ಹೆಚ್ಚು ಕಾಲಂ ಇಟ್ಟರೆ ಬರೆಯುವಷ್ಟರಲ್ಲಿ ಮುಂದಿನ ಎರಡು ಮಾತು ತಪ್ಪಿಹೋಗುತ್ತವೆ. ಹೊಸಬರೊಬ್ಬರು ಮೂಲೆಯಲ್ಲಿ ಬರೆಯುತ್ತ ಕೂತರೆ ಎಲ್ಲರೂ ಸ್ವಲ್ಪ ಸೆಟೆದು ಕೂರುತ್ತಾರೆ, ಅಧ್ಯಾಪಕರೂ ಎಂದಿಗಿಂತ ಹೆಚ್ಚು ಪ್ರಶ್ನೆ ಕೇಳಿಸುತ್ತಾರೆ. ಹಾಗಾಗಿ ಪ್ರತಿ ತರಗತಿಯಲ್ಲೂ ಮೊದಲ ಒಂದೆರಡು ಭೇಟಿಗಳ ದಾಖಲೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ಶುರುವಿನಲ್ಲೇ ಇಬ್ಬರೂ ಒಂದೇ ತರಗತಿಯಲ್ಲಿ ಬೇರೆ ಬೇರೆ ಕೂತು ದಾಖಲಿಸಿ ಹೋಲಿಸಿ. 40 ಮಾತುಗಳಲ್ಲಿ 34ಕ್ಕೆ ಇಬ್ಬರ ಗುರುತು ಒಂದೇ ಆದರೆ ಹೊಂದಾಣಿಕೆ ಶೇ. 85. ಶೇ. 80ಕ್ಕಿಂತ ಕಡಿಮೆ ಬಂದರೆ ಕಣ್ಣಿನ ದೋಷವಲ್ಲ, ವ್ಯಾಖ್ಯೆ ಸಡಿಲ. "ಇನ್ನೊಮ್ಮೆ ಹೇಳಿ" ಎಂಬಂಥ ಮಾತುಗಳಲ್ಲೇ ಜಗಳ ಇರುತ್ತದೆ. ನಿಯಮ ಬಿಗಿ ಮಾಡಿ, ಮತ್ತೆ ಕೂತು ನೋಡಿ.

ಟಿಪ್ಪಣಿಗಳನ್ನು ಅದೇ ದಿನ ವಿಸ್ತರಿಸಿ ಬರೆಯಿರಿ. ಮರುದಿನಕ್ಕೆ ಮಾತುಗಳು ಅಳಿಸಿ ನಿಮ್ಮ ಊಹೆಗಳಷ್ಟೇ ಉಳಿದಿರುತ್ತವೆ. ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮಾಡಿದ ಹಳ್ಳಿಯ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಳ ಕಾಲ ಸಂಸ್ಕರಿಸಿ ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟಾಗ ಮೂರೂ ಒಟ್ಟಿಗೇ ಸುಟ್ಟವು. ಕೊನೆಗೆ ಅವರು ನೆನಪಿನ ಬಲದಿಂದಲೇ ಪುಸ್ತಕ ಬರೆದರು. ಆ ನೆನಪು ಎಲ್ಲರಿಗೂ ಇರುವುದಿಲ್ಲ.

ಪ್ರಶ್ನಾವಳಿ

ಹದಿನೈದರಿಂದ ಇಪ್ಪತ್ತು ಪ್ರಶ್ನೆ, ಹತ್ತು ನಿಮಿಷದೊಳಗೆ ಮುಗಿಯಬೇಕು. ಸುಲಭದ ಪ್ರಶ್ನೆಗಳು ಮೊದಲು, ಮನೆಯ ಓದು, ಆದಾಯದಂಥವು ಕೊನೆಗೆ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. "ಅಧ್ಯಾಪಕರು ಸ್ಪಷ್ಟವಾಗಿ, ಸ್ನೇಹದಿಂದ ಪಾಠ ಮಾಡುತ್ತಾರೆಯೇ" ಎಂದು ಕೇಳಿದರೆ, ಸ್ಪಷ್ಟವಾಗಿ ಮಾಡಿಯೂ ಸಿಡುಕುವವರ ಬಗ್ಗೆ ಏನು ಬರೆಯಬೇಕು? "ಸಾಮಾನ್ಯವಾಗಿ ಪ್ರಶ್ನೆ ಕೇಳುತ್ತೀರಾ" ಎಂದು ಕೇಳಬೇಡಿ, ಎಲ್ಲರೂ ತಮ್ಮನ್ನು ಒಂದು ಕೈ ಮೇಲೆಯೇ ಎಣಿಸಿಕೊಳ್ಳುತ್ತಾರೆ. "ಕಳೆದ ಎರಡು ವಾರಗಳಲ್ಲಿ ಎಷ್ಟು ಸಲ" ಎಂದು ಕೇಳಿ. ಆಯ್ಕೆಗಳು ಒಂದರ ಮೇಲೊಂದು ಬೀಳಬಾರದು. 1–3, 3–5 ಎಂದು ಬರೆದರೆ ಮೂರು ಸಲ ಕೇಳಿದವರು ಎರಡರಲ್ಲಿ ಯಾವುದಕ್ಕಾದರೂ ಗುರುತು ಹಾಕುತ್ತಾರೆ. ಸೊನ್ನೆಗೆ ಬೇರೆಯದೇ ಒಂದು ಆಯ್ಕೆ ಕೊಡಿ, ನಮ್ಮ ಅಧ್ಯಯನದಲ್ಲಿ ಮುಖ್ಯವಾದದ್ದೇ ಅದು.

ಪದದ ಆಯ್ಕೆ ಎಷ್ಟು ಕೆಲಸ ಮಾಡುತ್ತದೆಂದರೆ, 1941ರಲ್ಲಿ ಡೊನಾಲ್ಡ್ ರಗ್ ವರದಿ ಮಾಡಿದ ಪ್ರಯೋಗದಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು ಕೇಳಿದಾಗ ಶೇ. 62 ಮಂದಿ ಕೊಡಬಾರದು ಎಂದರು. ಅವನ್ನು ನಿಷೇಧಿಸಬೇಕೇ ಎಂದು ಕೇಳಿದಾಗ ನಿಷೇಧಿಸಬೇಕು ಎಂದವರು ಶೇ. 46 ಮಾತ್ರ. ತರ್ಕದಲ್ಲಿ ಎರಡೂ ಒಂದೇ.

ಹಂಚುವ ಮೊದಲು, ಮಾದರಿಯಲ್ಲಿ (ಸಮೀಕ್ಷೆಗೆಂದು ಆರಿಸಿದವರ ಗುಂಪಿನಲ್ಲಿ) ಇಲ್ಲದ ಎಂಟು ಹತ್ತು ಜನರಿಗೆ ಕೊಟ್ಟು ಪೂರ್ವಪರೀಕ್ಷೆ ಮಾಡಿ. ಉತ್ತರ ಮುಖ್ಯವಲ್ಲ. ಪಕ್ಕದಲ್ಲಿ ಕೂತು, ಅವರು ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಗೆ "ಅಂದರೆ?" ಎಂದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಈ ಹಂತ ಬಿಟ್ಟವರು 150 ಹಾಳೆ ವಾಪಸು ಬಂದ ಮೇಲೆ ಏಳನೇ ಪ್ರಶ್ನೆ ಯಾರಿಗೂ ಅರ್ಥವಾಗಿರಲಿಲ್ಲ ಎಂದು ಕಂಡುಕೊಳ್ಳುತ್ತಾರೆ.

ಯಾರನ್ನು ಕೇಳುವುದು

ಸಂಖ್ಯೆ ದೊಡ್ಡದಾದರೆ ಸಾಕು ಎಂಬ ನಂಬಿಕೆ 1936ರಲ್ಲೇ ಮುರಿದುಬಿತ್ತು. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನಕ್ಕೆ ಮತಪತ್ರ ಕಳಿಸಿ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಹೆಸರುಗಳನ್ನು ಹೆಚ್ಚಾಗಿ ಟೆಲಿಫೋನ್ ಪುಸ್ತಕ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅವೆರಡೂ ಉಳ್ಳವರ ಪಟ್ಟಿಗಳು. ಉತ್ತರ ಬರೆಯುವ ಉತ್ಸಾಹ ರೂಸ್‌ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಿತ್ತು ಎಂಬುದೂ ಸೇರಿಕೊಂಡಿತು. ಅದೇ ಚುನಾವಣೆಯಲ್ಲಿ ಜನಮತ ಸಮೀಕ್ಷಕ ಜಾರ್ಜ್ ಗ್ಯಾಲಪ್ ತುಂಬ ಚಿಕ್ಕ ಮಾದರಿಯಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳಿಸುವುದು ಇದೇ ತಪ್ಪಿನ ಇಂದಿನ ರೂಪ. ಮಾತನಾಡುವವರೇ ಉತ್ತರವನ್ನೂ ಕೊಡುತ್ತಾರೆ, ಮಾತನಾಡದವರ ಬಗೆಗಿನ ನಿಮ್ಮ ಅಧ್ಯಯನದಲ್ಲಿ ಅವರೇ ಇರುವುದಿಲ್ಲ. 300 ಜನರ ಪೂರ್ತಿ ಪಟ್ಟಿ ಪಡೆದು, ಕ್ರಮಸಂಖ್ಯೆ ಕೊಟ್ಟು, ಲಾಟರಿಯಿಂದಲೋ ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳಿಂದಲೋ 150 ಹೆಸರು ಆರಿಸಿ. ಒಂದು ಬಿಟ್ಟು ಒಂದು ಹೆಸರು ತೆಗೆಯುವುದು ಸುಲಭ, ಆದರೆ ಪಟ್ಟಿಯಲ್ಲಿ ಜೋಡಿಗಳ ಕ್ರಮವೇನಾದರೂ ಇದ್ದರೆ ಒಂದೇ ಬಗೆಯವರು ಆಯ್ಕೆಯಾಗಿಬಿಡುತ್ತಾರೆ.

ದೊಡ್ಡ ಸಮೂಹದಲ್ಲಿ ಶೇ. 95 ವಿಶ್ವಾಸದ ಮಟ್ಟದಲ್ಲಿ (ಹೀಗೆ ನೂರು ಸಲ ಮಾದರಿ ಆರಿಸಿದರೆ ಸುಮಾರು 95 ಸಲ ಸರಿ ಬರುವಂತೆ), ಐದು ಶೇಕಡಾ ಅಂಶ ಹೆಚ್ಚುಕಡಿಮೆಯೊಳಗೆ ಹೇಳಲು ಸುಮಾರು 385 ಜನ ಬೇಕು. ಸಮೂಹವೇ 300 ಆಗಿದ್ದರೆ 169 ಸಾಕು. 120 ಜನ ಉತ್ತರಿಸಿದರೆ ಏಳು ಅಂಶದ ಆಚೀಚೆ. ಉಪಗುಂಪುಗಳಿಗೆ ಹೋದಂತೆ ಈ ಅಂತರ ಹಿಗ್ಗುತ್ತದೆ: ದೊಡ್ಡ ಸಮೂಹದಿಂದ ಆಯ್ದ ಬರೀ 50 ಜನರ ಉತ್ತರಕ್ಕೆ ಅದು ಸುಮಾರು 14 ಅಂಶ. ಹಾಗಾಗಿ ಎರಡು ಗುಂಪುಗಳ ನಡುವೆ ಐದಾರು ಅಂಶದ ವ್ಯತ್ಯಾಸ ಕಂಡರೆ ಸಂಭ್ರಮಿಸಬೇಡಿ. ಉತ್ತರ ಕೊಡದವರ ಬಳಿ ಎರಡು ಸಲ ಹೋಗಿ ಕೇಳಿ. ಅವರ ಬದಲು ಕೈಗೆ ಸಿಕ್ಕವರನ್ನು ಸೇರಿಸಿ ಸಂಖ್ಯೆ ತುಂಬಿಸಬೇಡಿ. ಎಷ್ಟು ಜನ ಉತ್ತರಿಸಲಿಲ್ಲ ಎಂಬುದನ್ನು ವರದಿಯಲ್ಲಿ ಬರೆದರೆ ಸಾಕು.

ಸಂದರ್ಶನ

ಎಂಟರಿಂದ ಹನ್ನೆರಡು ಜನ, ತಲಾ ನಲವತ್ತು ಐವತ್ತು ನಿಮಿಷ. 2006ರಲ್ಲಿ ಗೆಸ್ಟ್ ಮತ್ತು ಸಂಗಡಿಗರು 60 ಸಂದರ್ಶನಗಳನ್ನು ಪರಿಶೀಲಿಸಿದಾಗ, ಒಂದೇ ಬಗೆಯ ಜನರ ಗುಂಪಿನಲ್ಲಿ ಮುಖ್ಯ ವಿಷಯಗಳು ಹನ್ನೆರಡರೊಳಗೇ ಬಹುಮಟ್ಟಿಗೆ ಬಂದುಬಿಡುತ್ತವೆ ಎಂದು ಕಂಡಿತ್ತು. ಜನ ಬಗೆಬಗೆಯವರಾದಷ್ಟೂ ಸಂಖ್ಯೆ ಹೆಚ್ಚಬೇಕು. ಮಾತಿನ ದಾರಿಗೆ ಆರೇಳು ಪ್ರಶ್ನೆ ಕೈಯಲ್ಲಿರಲಿ, ಅವುಗಳ ಕ್ರಮಕ್ಕೆ ಕಟ್ಟುಬೀಳಬೇಡಿ.

"ನೀವು ಯಾಕೆ ಪ್ರಶ್ನೆ ಕೇಳುವುದಿಲ್ಲ?" ಎಂದು ಕೇಳಿದರೆ ಎದುರಿನವರು ಕಟಕಟೆಯಲ್ಲಿ ನಿಂತಂತಾಗಿ ಸಮರ್ಥನೆ ಕೊಡಲು ತೊಡಗುತ್ತಾರೆ. "ಇತ್ತೀಚೆಗೆ ಅರ್ಥವಾಗದೆ ಹೋದ ಒಂದು ಪಾಠ ನೆನಪಿಸಿಕೊಳ್ಳಿ. ಆ ಹೊತ್ತಿನಲ್ಲಿ ಏನಾಯಿತು, ಆಮೇಲೆ ಏನು ಮಾಡಿದಿರಿ?" ಎಂದು ಕೇಳಿ. ಉತ್ತರ ನಿಂತಾಗ ಐದು ಸೆಕೆಂಡು ನೀವೂ ಸುಮ್ಮನಿರಿ. ಹೊಸ ಸಂದರ್ಶಕರಿಗೆ ಆ ಐದು ಸೆಕೆಂಡು ತಡೆಯಲಾಗದೆ ತಾವೇ ವಾಕ್ಯ ಮುಗಿಸಿಕೊಡುತ್ತಾರೆ, ಅಲ್ಲಿಗೆ ಆ ಉತ್ತರ ಸಂದರ್ಶಕರದ್ದಾಯಿತು. ಜನರ ಕ್ರಿಯೆಯನ್ನು ಅವರೇ ಅದಕ್ಕೆ ಕೊಡುವ ಅರ್ಥದಿಂದ ತಿಳಿಯಬೇಕು ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಒತ್ತಿ ಹೇಳಿದ್ದು ಇದಕ್ಕೇ. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ವೇಳಾಪಟ್ಟಿ ಹಾಕುವಾಗ ಬಹುತೇಕರು ಮರೆಯುವ ಲೆಕ್ಕ ಇದು.

ಒಪ್ಪಿಗೆ ಮತ್ತು ಗುಟ್ಟು

ಲಾಡ್ ಹಂಫ್ರೀಸ್ ಎಂಬ ಸಂಶೋಧಕರು 1960ರ ದಶಕದಲ್ಲಿ ಸಾರ್ವಜನಿಕ ಶೌಚಾಲಯಗಳಲ್ಲಿ ಪುರುಷರ ನಡುವಿನ ಲೈಂಗಿಕ ಭೇಟಿಗಳನ್ನು ಗುಟ್ಟಾಗಿ ಗಮನಿಸಿ, ಅವರ ಕಾರಿನ ನಂಬರ್ ಬರೆದುಕೊಂಡು ವಿಳಾಸ ಪತ್ತೆ ಮಾಡಿ, ತಿಂಗಳುಗಳ ನಂತರ ವೇಷ ಬದಲಿಸಿ ಆರೋಗ್ಯ ಸಮೀಕ್ಷೆಯ ನೆಪದಲ್ಲಿ ಮನೆಗೇ ಹೋದರು. ಆ ಪಟ್ಟಿ ಯಾರ ಕೈಗಾದರೂ ಸಿಕ್ಕಿದ್ದರೆ ಹಲವರ ಸಂಸಾರ, ನೌಕರಿ ಹೋಗುತ್ತಿತ್ತು. ಅಧ್ಯಯನ ಪೂರ್ವಗ್ರಹಗಳನ್ನು ಒಡೆಯಿತು ಎಂಬುದು ನಿಜ, ಆದರೂ ಇಂದು ಯಾವ ನೀತಿ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡಲಾರದು.

ನಿಮ್ಮ ಸಣ್ಣ ಅಧ್ಯಯನಕ್ಕೂ ಕಾಲೇಜಿನ ಅನುಮತಿ, ಅಧ್ಯಾಪಕರ ಒಪ್ಪಿಗೆ, ಪ್ರತಿಯೊಬ್ಬರ ಲಿಖಿತ ಸಮ್ಮತಿ ಬೇಕು. ಉದ್ದೇಶವೇನು, ಎಷ್ಟು ಹೊತ್ತು, ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಅಂಕಕ್ಕೆ ತೊಂದರೆಯಿಲ್ಲ ಎಂಬುದು ಸರಳ ಭಾಷೆಯಲ್ಲಿ ಅರ್ಧ ಪುಟದೊಳಗೆ ಇರಲಿ. 18 ದಾಟದವರಾದರೆ ಪೋಷಕರ ಒಪ್ಪಿಗೆಯೂ ಬೇಕು. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಹೆಸರು–ಸಂಖ್ಯೆಯ ಪಟ್ಟಿಯನ್ನು ದತ್ತಾಂಶದಿಂದ ಬೇರೆ ಕಡೆ ಇಡಿ. ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂದುಕೊಳ್ಳಬೇಡಿ. "ಮೂರನೇ ವರ್ಷದ, ಹಾಸ್ಟೆಲಿನ, ಸಂಗೀತ ಕಲಿಯುವ ಹುಡುಗಿ" ಎಂದರೆ ಇಡೀ ಕಾಲೇಜಿಗೆ ಯಾರೆಂದು ಗೊತ್ತಾಗುತ್ತದೆ. ಕೋಷ್ಟಕದ ಯಾವ ಚೌಕದಲ್ಲಾದರೂ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಚೌಕದೊಂದಿಗೆ ಸೇರಿಸಿಬಿಡಿ.

ಸಂಖ್ಯೆಗಳನ್ನು ಓದುವುದು

120 ಉತ್ತರ ಬಂದಿವೆ ಎಂದುಕೊಳ್ಳಿ (ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಕಟ್ಟಿದವು). ಮೊದಲ ತಲೆಮಾರಿನವರು 50, ಅವರಲ್ಲಿ ಎರಡು ವಾರದಲ್ಲಿ ಒಮ್ಮೆಯಾದರೂ ಪ್ರಶ್ನೆ ಕೇಳಿದವರು 15, ಅಂದರೆ ಶೇ. 30. ಉಳಿದ 70ರಲ್ಲಿ 34, ಅಂದರೆ ಸುಮಾರು ಶೇ. 49. ಶೇಕಡಾವಾರು ಲೆಕ್ಕ ಯಾವಾಗಲೂ ಕಾರಣ ಎಂದು ನೀವು ಊಹಿಸಿರುವ ಗುಂಪಿನೊಳಗೆ ಇರಲಿ. ತಿರುಗಿಸಿ, ಕೇಳಿದ 49 ಜನರಲ್ಲಿ ಶೇ. 31 ಮಂದಿ ಮೊದಲ ತಲೆಮಾರಿನವರು ಎಂದರೆ, ಮಾದರಿಯಲ್ಲೇ ಅವರು ಶೇ. 42 ಇದ್ದಾರೆಂದು ಗೊತ್ತಿಲ್ಲದ ಓದುಗರಿಗೆ ಏನೂ ತಿಳಿಯುವುದಿಲ್ಲ.

ಈಗ ಮೂರನೆಯ ಚಲಕವನ್ನು (ಒಬ್ಬರಿಂದ ಒಬ್ಬರಿಗೆ ಬದಲಾಗುವ ಅಂಶವನ್ನು) ತನ್ನಿ, ಕೂರುವ ಜಾಗ. ಮೊದಲ ತಲೆಮಾರಿನವರಲ್ಲಿ ಮುಂದಿನ ಸಾಲುಗಳಲ್ಲಿ ಕೂರುವವರು 10, ಅವರಲ್ಲಿ ಕೇಳಿದವರು 7. ಹಿಂದೆ ಕೂರುವವರು 40, ಕೇಳಿದವರು 8. ಉಳಿದವರಲ್ಲಿ ಮುಂದೆ 40, ಕೇಳಿದವರು 28. ಹಿಂದೆ 30, ಕೇಳಿದವರು 6. ಮುಂದೆ ಕೂತವರಲ್ಲಿ ಎರಡೂ ಗುಂಪಿಗೆ ಶೇ. 70, ಹಿಂದೆ ಕೂತವರಲ್ಲಿ ಎರಡೂ ಗುಂಪಿಗೆ ಶೇ. 20. ವ್ಯತ್ಯಾಸ ಮಾಯ!

ಇಲ್ಲಿಗೆ "ಮನೆಯ ಹಿನ್ನೆಲೆ ಲೆಕ್ಕಕ್ಕಿಲ್ಲ, ಬೆಂಚೇ ಕಾರಣ" ಎಂದು ಬರೆದು ಮುಗಿಸುವವರು ಬಹಳ. ಅದು ಅವಸರದ ಮಾತು. ಕೂರುವ ಜಾಗ ಹಿನ್ನೆಲೆಯನ್ನು ಅಳಿಸಿಹಾಕಲಿಲ್ಲ, ಹಿನ್ನೆಲೆ ಯಾವ ದಾರಿಯಲ್ಲಿ ಕೆಲಸ ಮಾಡುತ್ತಿರಬಹುದು ಎಂದು ತೋರಿಸಿತು. 50ರಲ್ಲಿ 40 ಜನ ಹಿಂದೆ ಹೋಗಿ ಕೂತದ್ದು ಯಾಕೆ? ಮೊದಲ ದಿನ ತಡವಾಗಿ ಬಂದರೇ, ಮುಂದಿನ ಸಾಲು ಪರಿಚಿತರ ಗುಂಪಿನಿಂದ ತುಂಬಿತ್ತೇ, ಅಧ್ಯಾಪಕರ ಕಣ್ಣಿಗೆ ಬೀಳದಿರುವುದೇ ಕ್ಷೇಮ ಎಂದು ಶಾಲೆಯಲ್ಲೇ ಕಲಿತು ಬಂದಿದ್ದರೇ? ಕೋಷ್ಟಕ ಇಲ್ಲಿಂದ ಮುಂದೆ ಮೂಕ. ಸಂದರ್ಶನಗಳನ್ನು ಎತ್ತಿಕೊಳ್ಳಬೇಕು.

ಬರಹಕ್ಕಿಳಿಸಿದ ಸಂದರ್ಶನಗಳನ್ನು ಮೊದಲು ಏನೂ ಗುರುತು ಹಾಕದೆ ಒಮ್ಮೆ ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಅಂಚಿನಲ್ಲಿ ಚಿಕ್ಕ ಹೆಸರು ಬರೆಯಿರಿ: ನಗುವಿನ ಭಯ, ಭಾಷೆಯ ಅಳುಕು, ಆಮೇಲೆ ಗೆಳೆಯರನ್ನು ಕೇಳುವುದು. ಮೊದಲ ಮೂರು ಸಂದರ್ಶನಗಳಲ್ಲಿ ನಲವತ್ತು ಐವತ್ತು ಹೆಸರುಗಳಾಗುತ್ತವೆ, ಗಾಬರಿ ಬೇಡ. ಒಂದೇ ಬಗೆಯವನ್ನು ಸೇರಿಸುತ್ತ ಬಂದರೆ ಐದಾರು ವಿಷಯಗಳಿಗೆ ಇಳಿಯುತ್ತವೆ. ಪ್ರತಿ ವಿಷಯಕ್ಕೂ ಅದಕ್ಕೆ ಒಪ್ಪದ ಒಬ್ಬರನ್ನಾದರೂ ಹುಡುಕಿ. ಹಿಂದೆ ಕೂತೂ ಪ್ರಶ್ನೆ ಕೇಳಿದ ಆ 14 ಜನರಲ್ಲಿ ಇಬ್ಬರನ್ನು ಮಾತನಾಡಿಸಿದರೆ, ಸುಮ್ಮನಿರುವ ಹತ್ತು ಜನರಿಂದ ಸಿಗದ ಸುಳಿವು ಸಿಗಬಹುದು.

ವರದಿ

ಎಂಟು ಹತ್ತು ಪುಟ ಸಾಕು. ಪ್ರಶ್ನೆ, ಹಿಂದಿನವರು ಹೇಳಿದ್ದು, ನೀವು ಮಾಡಿದ ಕ್ರಮ, ಕಂಡದ್ದು, ಅದರ ಅರ್ಥ. ಕ್ರಮದ ಭಾಗವನ್ನು ಬೇರೆಯವರು ಓದಿ ಇದೇ ಅಧ್ಯಯನವನ್ನು ಮತ್ತೆ ಮಾಡುವಷ್ಟು ವಿವರವಾಗಿ ಬರೆಯಿರಿ. ಒಂದೇ ಕಾಲೇಜಿನಲ್ಲಿ ಒಂದೇ ಕಾಲದಲ್ಲಿ ಕಂಡದ್ದನ್ನು "ವಿದ್ಯಾರ್ಥಿಗಳು ಹೀಗೆ" ಎಂದು ಹಿಗ್ಗಿಸಬೇಡಿ. ಒಮ್ಮೆ ಮಾತ್ರ ಅಳೆದ ದತ್ತಾಂಶದಿಂದ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲಾಗದು, ಹಿಂದೆ ಕೂತದ್ದರಿಂದ ಮೌನವೋ, ಮೌನಿಗಳೇ ಹಿಂದೆ ಹೋದದ್ದೋ. "ಸಂಬಂಧ ಕಂಡಿದೆ" ಎನ್ನಬಹುದು, "ಕಾರಣವಾಗಿದೆ" ಎನ್ನಲು ಅದೇ ವಿದ್ಯಾರ್ಥಿಗಳನ್ನು ವರ್ಷದ ಮೊದಲ ವಾರದಿಂದಲೇ ಹಿಂಬಾಲಿಸಬೇಕು, ಅಥವಾ ಆಸನಗಳನ್ನು ಚೀಟಿ ಎತ್ತಿ ಹಂಚಿ ನೋಡಬೇಕು.

ಭಾಗವಹಿಸಿದವರಿಗೆ ಒಂದು ಪುಟದ ಸಾರಾಂಶ ಕೊಡಿ, ಅಧ್ಯಾಪಕರಿಗೆ ಕೊಡುವ ದಿನವೇ. ವರದಿ ಒಪ್ಪಿತವಾದ ಮೇಲೆ ಧ್ವನಿಮುದ್ರಣಗಳನ್ನೂ ಹೆಸರು–ಸಂಖ್ಯೆಯ ಪಟ್ಟಿಯನ್ನೂ ಎಲ್ಲ ಪ್ರತಿಗಳಿಂದ ಅಳಿಸಿ, ಅಳಿಸಿದ ದಿನಾಂಕವನ್ನು ಅಧ್ಯಯನದ ಕಡತದಲ್ಲಿ ಬರೆದಿಡಿ.